ನಿಂತಂತೆ ಕಂಡ ಗರಗಸ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ಮಧ್ಯಾಹ್ನ ಮರ ಕೊಯ್ಯುವ ಮಿಲ್ಲಿನಲ್ಲಿ ಅವಳ ಗಂಡನ ಬಲಗೈಯ ಐದೂ ಬೆರಳು ಗರಗಸದ ಪಾಲಾಗಿದ್ದವು.

"ಕುಡಿದಿದ್ದ ಅಂತ ಮಾಲೀಕರು ಬರೆದುಬಿಟ್ಟಿದ್ದಾರೆ ಸಾರ್. ನಮ್ಮನೆಯವ್ರ ಬಾಯಿ ಹೊಲಸು, ನಿಜ. ಆದ್ರೆ ಒಂದು ತೊಟ್ಟು ಮುಟ್ಟೋರಲ್ಲ. ಗರಗಸ ನಿಂತಿತ್ತು ಅಂತಾನೇ ಹೇಳ್ತಿದ್ದಾರೆ. ಕೈ ಹೋದ ಮೇಲೆ ಮಾನಾನೂ ಹೋಗ್ಬೇಕಾ?"

ಕುಡುಕರ ಹೆಂಡತಿಯರಿಂದ ಇಂಥ ಮಾತನ್ನು ಇನ್ಸ್‌ಪೆಕ್ಟರ್ ನೂರು ಸಲ ಕೇಳಿದ್ದ. ಆದರೂ ಎಫ್ಐಆರ್ ದಾಖಲಿಸಿ, 11.15ಕ್ಕೆ ಪಂಚನಾಮೆಗೆ ಮಿಲ್ಲಿಗೆ ಹೊರಟ.

"ನಿನ್ನೆ ಎರಡು ಗಂಟೆಗೆ ಹೇಗಿತ್ತೋ ಹಾಗೇ ಇರಲಿ" ಎಂದು ಅಲ್ಲಿಯ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಪಕ್ಕದ ಯಂತ್ರವನ್ನೂ ಗರಗಸವನ್ನೂ ಚಾಲೂ ಮಾಡಿದ. ಆ ಅಬ್ಬರದಲ್ಲಿ ಗರಗಸದ ಸದ್ದು ಮುಳುಗಿಹೋಯಿತು. ಮೇಲೆ ಒಂದೇ ಟ್ಯೂಬ್‌ಲೈಟು. ಹೊರಗಿನಿಂದ ಬಂದ ಕಾನ್‌ಸ್ಟೇಬಲ್ ಬಗ್ಗಿ ನೋಡಿದ.

"ಇದನ್ನ ಇನ್ನೂ ಹಾಕೇ ಇಲ್ವಲ್ಲ ಸಾರ್. ಹಲ್ಲು ಎಣಿಸಬಹುದು" ಎಂದು ಕೈ ಚಾಚಿದ.

ಇನ್ಸ್‌ಪೆಕ್ಟರ್ ಅವನ ಕಾಲರ್ ಹಿಡಿದು ಎಳೆದು, ಒಂದು ಮರದ ಪಟ್ಟಿಯನ್ನು ಗರಗಸಕ್ಕೆ ಒಡ್ಡಿದ. ಅರೆಕ್ಷಣದಲ್ಲಿ ಅದು ಎರಡಾಯಿತು. ಕಾನ್‌ಸ್ಟೇಬಲ್ ಆಮೇಲೆ ಗಂಟೆಹೊತ್ತು ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಮಿಲ್ಲಿನಲ್ಲೇ ದುಡಿದಿರಬೇಕು.

"ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ಕಣ್ಣಿಗೆ ತಿಳಿಯಲ್ಲ" ಎಂದ ಮೇಸ್ತ್ರಿ. "ಒಂದು ಮಿನುಗಿಂದ ಇನ್ನೊಂದಕ್ಕೆ, ಈ ಹಲ್ಲಿನ ಜಾಗಕ್ಕೆ ಬೇರೆ ಹಲ್ಲು ಬಂದಿರುತ್ತೆ. ಕಣ್ಣು ಅದೇ ಹಲ್ಲು ಅಂದ್ಕೊಳ್ಳುತ್ತೆ. ಅದಕ್ಕೇ ಗರಗಸದ ಮೇಲೆ ಹಾಗೆ ಮಿನುಗದ ಬುರುಡೆ ಬಲ್ಬು ಉರೀತಾನೇ ಇರ್ಬೇಕು."

ಬಲ್ಬಿನ ಜಾಗ ಖಾಲಿಯಿತ್ತು. ಅದರ ತಗಡಿನ ಶೇಡಿನ ಮೇಲೆ ದಿನವೂ ಕೂರುವ ಮರದ ಪುಡಿಯಲ್ಲಿ ಎಡ ಅಂಗೈಯ ಹೊಸ ಗುರುತು: ಹೆಬ್ಬೆರಳು, ಎರಡು ಬೆರಳು, ಅಷ್ಟೇ.

ಲೈಟು ನೋಡಿಕೊಳ್ಳುವವನನ್ನು ಎಲ್ಲರೂ ಎಂಟಪ್ಪ ಎನ್ನುತ್ತಿದ್ದರು.

"ಬಲ್ಬು ಯಾವಾಗ ಮುಟ್ಟಿದ್ದೆ?"

"ತಿಂಗಳಾಯ್ತು."

"ಎಡಗೈ ತೋರಿಸು."

ಅವನು ತೋರಿಸಿದ. ಎರಡು ಬೆರಳಿರಲಿಲ್ಲ. ಸುಳ್ಳು ಮುಂದುವರಿಸಲಿಲ್ಲ. ಊಟದ ಬಿಡುವಿನಲ್ಲಿ ಬಲ್ಬು ಬಿಚ್ಚಿ, ಗರಗಸ ಚಾಲೂ ಮಾಡಿಟ್ಟಿದ್ದ. ಊಟ ಮುಗಿಸಿ ಬಂದ ಗರಗಸದವನು ಮೊದಲು ಅದರ ಹಲ್ಲಿನ ಸಂದಿಯ ಪುಡಿಯನ್ನು ಕೈಯಲ್ಲೇ ಒರೆಸುತ್ತಾನೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಕೆಲಸ ಅವನದೇ ಆಗಿತ್ತು. ಅಂದು ಅವನ ಕೈ ಹಲ್ಲಿನ ಮೇಲಿದ್ದಾಗ ನೋಡದೆ ಸ್ವಿಚ್ಚು ಒತ್ತಿದವನು ಈ ಗಾಯಾಳು.

"ಅದನ್ನ ಮರೆತುಬಿಡ್ತಿದ್ದೆ ಸಾರ್. ಆದ್ರೆ ಬಿದ್ದ ಬೆರಳು ಎತ್ತಿ, 'ಅಳ್ಬೇಡ್ವೋ, ಇನ್ನೂ ಎಂಟಿದೆ' ಅಂತ ನಕ್ಕ. ಅವತ್ತಿಂದ ದಿನಾ ಅದೇ ಹೆಸರು. ನನ್ನ ಮಗಳೂ ಒಂದ್ಸಲ ಹಾಗೇ ಕರೆದ್ಲು."

ಸಂಜೆ 5.20ಕ್ಕೆ ಬಂಧನ. ಮಿಲ್ಲಿನ ಹೊರಗೆ ಕಾಯುತ್ತಿದ್ದ ಹೆಂಗಸಿಗೆ ಇನ್ಸ್‌ಪೆಕ್ಟರ್, "ನಿಮ್ಮ ಯಜಮಾನರು ಕುಡಿದಿರಲಿಲ್ಲಮ್ಮ" ಎಂದ.

"ಯಾರು ಮಾಡಿದ್ದು ಸಾರ್?"

ಕಾನ್‌ಸ್ಟೇಬಲ್ ಹಾಜರಿ ಪುಸ್ತಕ ತಿರುವಿ ಹಾಕುತ್ತಿದ್ದ. ಅಲ್ಲಿಯೂ ಎಂಟಪ್ಪ ಎಂದೇ ಇತ್ತು.

"ನಿಜವಾದ ಹೆಸರು ಹೇಳಯ್ಯ" ಎಂದು ಬಂಧಿತನನ್ನು ಕೇಳಿದ.

ಅವನು ಹೇಳಿದ. ಹೆಂಗಸು ಮುಖ ಮುಖ ನೋಡಿದಳು. ಆ ಹೆಸರಿನವನು ಯಾರೆಂದು ಅವಳಿಗೆ ತಿಳಿಯಲಿಲ್ಲ.