ಮರಿಯೋ, ಬರ್ರಿಯೋ

“ಮಾತಾಡ್ಕೊಂಡು ಬರ್ರಿ,” ಎಂದು ಹಿರಿಯರು ಇಬ್ಬರನ್ನೂ ಕಾಲುದಾರಿಗೆ ಕಳಿಸಿದರು. ಬೇವಿನ ಮರಗಳ ನೆರಳು ಮುಗಿದು ಹುಲ್ಲು ಶುರುವಾಗುವಲ್ಲೇ ಒಂದು ಬೋರ್ಡು ನಿಂತಿತ್ತು: ‘ಇಲ್ಲಿಂದ ಮುಂದೆ ಮಾತು ಬೇಡ.’

ನಯನಾ ಬೋರ್ಡು ನೋಡಿದಳು. ನಾಗಭೂಷಣ್ ನಯನಾಳನ್ನು ನೋಡಿದ.

“ಕೃಷ್ಣಮೃಗ ಮರಿ ಹಾಕ್ಯಾವ್ರಿ,” ಎಂದ ಕಾವಲಿನ ಹನುಮಂತಪ್ಪ. “ದನಿ ಕೇಳಿದ್ರೆ ತಾಯಿ ಬೆದರಿ ಓಡ್ತೈತೆ. ಆ ಕಾವಲು ಗೋಪುರದತನ ಹೋಗಿ ಬರ್ರಿ. ಆದ್ರೆ ಗಪ್‌ಚುಪ್.”

“ನಾವು ಹೆಣ್ಣು ನೋಡಾಕೆ ಬಂದೀವ್ರಿ,” ಎಂದ ನಾಗಭೂಷಣ್.

“ನೋಡ್ರಿ ಮತ್ತೆ. ನೋಡಾಕೆ ಬಾಯಿ ಯಾಕ?”

ಹರಿಹರ ದಾಟಿದ ಮೇಲಿನ ಈ ಹುಲ್ಲುಗಾವಲಿಗೆ ಬರಬೇಕೆಂದು ಹಟ ಮಾಡಿದ್ದವಳು ನಯನಾಳೇ. “ಮನೇಲಿ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ನಿಲ್ಲಲ್ಲ ಅಪ್ಪ,” ಎಂದಿದ್ದಳು. ಎಂ.ಸಿ.ಸಿ. ಬಡಾವಣೆಯ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕಣ್ಣು ಪರೀಕ್ಷೆ ಮಾಡುವ ಮಗಳ ಮಾತಿಗೆ ಕಲ್ಲೇಶಪ್ಪ ಇಲ್ಲವೆನ್ನಲಿಲ್ಲ. ನಿಜವಾದ ಕಾರಣವನ್ನು ಅವಳು ಅಪ್ಪನಿಗೂ ಹೇಳಿರಲಿಲ್ಲ. ಹುಡುಗನಿಗೆ ಒಂದು ವಿಷಯವನ್ನು ತಾನೇ, ಒಬ್ಬಳೇ, ಹೇಳಬೇಕಿತ್ತು.

ಆ ವಿಷಯ ಅವಳ ಎಡಗಿವಿಯಲ್ಲಿತ್ತು. ಬಾಲ್ಯದ ಜ್ವರದಿಂದ ಎರಡೂ ಕಿವಿ ಮಂದ. ಎಡಗಿವಿಗೆ ಹುರುಳಿ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಕೇಳಿಸಿಕೊಳ್ಳುವ ಮಿಷನ್. ಬೆಳಿಗ್ಗೆ ಅವ್ವ ಅದರ ಮೇಲೆ ಕೂದಲು ಇಳಿಬಿಟ್ಟು ಬಾಚಿದ್ದಳು. “ಕೊರಳಿಗೆ ತಾಳಿ ಬೀಳೋತನ ಕೂದ್ಲು ಎತ್ತಬ್ಯಾಡ. ಹಿಂದೆ ಬಂದೋರು ಫೋನ್ ಮಾಡ್ತೀವಿ ಅಂತ ಹೋದೋರು, ಮಾಡಿದ್ರಾ?”

ಹೇಳಿದರೆ ಇವನೂ ಹೋಗಬಹುದು. ಹೇಳದಿದ್ದರೆ ಜೀವನಪೂರ್ತಿ ಕೂದಲು ಇಳಿಬಿಟ್ಟುಕೊಂಡೇ ಇರಬೇಕು. ಈಗ ನೋಡಿದರೆ, ಹೇಳಲು ಆರಿಸಿದ ಜಾಗದಲ್ಲಿ ಮಾತೇ ಇಲ್ಲ.

ಬಯಲಿಗೆ ಕಾಲಿಟ್ಟ ಕೂಡಲೇ ಗಾಳಿ ಮಿಷನ್ನಿಗೆ ಹೊಕ್ಕು ಗುಂಯ್ ಎಂದಿತು. ಕೂದಲು ಸರಿಪಡಿಸುವ ನೆಪದಲ್ಲಿ ನಯನಾ ಅದನ್ನು ಆಫ್ ಮಾಡಿದಳು. ಸೊಂಟದೆತ್ತರದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತು; ಗಾಳಿ ಬಂದಾಗ ಇಡೀ ಬಯಲು ಒಮ್ಮೆಲೇ ಬಾಗಿ ಏಳುತ್ತಿತ್ತು.

ಮುಂದೆ ಹೋಗುತ್ತಿದ್ದ ನಾಗಭೂಷಣ್ ತಿರುಗಿದ. ಅವನ ತುಟಿ ದನಿಯಿಲ್ಲದೆ ಆಡಿದವು. ‘ಹುಲ್ಲೂ ನಿಮ್ಮ ಸೀರೇನೂ ಒಂದೇ ಬಣ್ಣ. ತಪ್ಪಿಸಿಕೊಂಡ್ರೆ ಹುಡುಕೋದು ಹೆಂಗೆ?’

ಅವಳು ಓದಿದಳು. ತಾನೂ ತುಟಿಯಲ್ಲೇ ಕೇಳಿದಳು: ‘ನಿಮ್ಮ ಈ ಕಣ್ಣು ಕುಕ್ಕೋ ಅಂಗಿ ಯಾರು ಆರಿಸಿದ್ದು?’

‘ನಮ್ಮವ್ವ.’

‘ಅದಕ್ಕೇ.’

ಅವನಿಗೆ ನಗು ಉಕ್ಕಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣು ಮಾತ್ರ ನಗುತ್ತಲೇ ಇದ್ದವು. ಆ ಕಣ್ಣಿನ ಅಂಚಿನಲ್ಲಿ ಬೀಳುವ ಸಣ್ಣ ಗೆರೆಗಳನ್ನು ನಯನಾ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ದಾರಿ ತಿರುಗುವಲ್ಲಿ ಅವನು ಹಿಂದೆ ನೋಡಿ ಗಕ್ಕನೆ ನಿಂತ. ಮುಖ ಮೆತ್ತಗಾಯಿತು. ತುಟಿ ಕೂಡಿ ಬಿಚ್ಚಿ, ಒಂದು ಪುಟ್ಟ ಮಾತು ಆಡಿದವು.

‘ಬರ್ರಿ.’

ಇಷ್ಟು ಬೇಗನಾ ಎನಿಸಿದರೂ ನಯನಾ ಒಂದು ಹೆಜ್ಜೆ ಹತ್ತಿರ ಹೋದಳು. ಅವನು ಬೆದರಿ ಹಿಂದೆ ಸರಿದ. ಮತ್ತೆ ಅದೇ ಮಾತು. ಅವಳು ಇನ್ನೂ ಹತ್ತಿರ ಹೋದಳು. ಈಗ ಅವನ ಅಂಗಿಯ ಗುಂಡಿಗೆ ಸುತ್ತಿದ ದಾರವೂ ಕಾಣುತ್ತಿತ್ತು. ಅವನ ಹಣೆಯಲ್ಲಿ ಬೆವರು. ಮೆಲ್ಲಗೆ ಬೆರಳೆತ್ತಿ ಅವಳ ಬೆನ್ನ ಹಿಂದೆ ತೋರಿಸಿದ.

ಹುಲ್ಲಿನ ನಡುವೆ ಒಂದು ಮರಿ, ಇನ್ನೂ ನಂಬಿಕೆ ಬಾರದ ಕಾಲುಗಳ ಮೇಲೆ ನಿಂತು, ಇವರನ್ನೇ ನೋಡುತ್ತಿತ್ತು.

ಅವನು ಹೇಳಿದ್ದು ಬರ್ರಿ ಅಲ್ಲ, ಮರಿ. ತುಟಿಗೆ ಎರಡೂ ಒಂದೇ.

ಕೆನ್ನೆಯ ಬಿಸಿ ಆರುವಷ್ಟರಲ್ಲಿ ಗೋಪುರ ಬಂದಿತ್ತು. ಅದರ ನೆರಳಲ್ಲಿ ಕೂತ ಮೇಲೆ ಅವನು, ಬಹಳ ಹೊತ್ತಿನಿಂದ ಕಾದಿಟ್ಟವನಂತೆ, ತುಟಿಯಲ್ಲೇ ಕೇಳಿದ: ‘ನೀವು ಯಾವ ಮಿಲ್ಲಲ್ಲಿದ್ರಿ?’

‘ಮಿಲ್ಲಾ?’

‘ನಾನು ನೂಲಿನ ಮಿಲ್ಲಲ್ಲಿ ಅಲ್ವಾ? ಮಿಷನ್ ಸದ್ದಿಗೆ ಯಾರ ದನೀನೂ ಕೇಳಲ್ಲ. ಶಿಫ್ಟ್ ಪೂರ್ತಿ ಹಿಂಗೇ ತುಟೀಲಿ ಮಾತು. ಹೊಸಬರು ಕಲಿಯಾಕೆ ಭಾಳ ದಿನ ಬೇಕು. ನೀವು ಒಂದೇ ಸಲಕ್ಕೆ ಹಿಡಿದ್ರಿ.’

ಮಾವ ಮಿಲ್ಲಲ್ಲಿದ್ದರು ಎಂದುಬಿಡಬಹುದಿತ್ತು. ಆ ಸುಳ್ಳು ತುಟಿಯವರೆಗೆ ಬಂದೂ ಬಂತು. ನಯನಾ ಅದನ್ನು ನುಂಗಿ, ಎಡಗಡೆಯ ಕೂದಲು ಎತ್ತಿ ಹಿಡಿದಳು.

ಅವನು ನೋಡಿದ. ಊರವರ ಮಾತನ್ನೆಲ್ಲ ಮುಖದಲ್ಲೇ ಓದುವವಳಿಗೆ ಆ ಗಳಿಗೆಯಲ್ಲಿ ಓದಲು ಏನೂ ಸಿಗಲಿಲ್ಲ.

ಕೊನೆಗೆ ಕೇಳಿದ: ‘ನೋಯುತ್ತಾ?’

ಇದುವರೆಗೆ ನೋಡಲು ಬಂದವರು ಯಾರೂ ಅದನ್ನು ಕೇಳಿರಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು. ‘ಹೇಳಬ್ಯಾಡ ಅಂದಿದ್ಲು ಅವ್ವ.’

‘ಮತ್ತೆ ಯಾಕ ಹೇಳಿದ್ರಿ?’

‘ನೀವು ಮರಿ ಅಂದ್ರಿ, ನಾನು ಬರ್ರಿ ಅಂತ ಓದ್ಕೊಂಡೆ. ಮುಂದೆನೂ ಹಿಂಗೇ ಆಗ್ತೈತೆ. ಗೊತ್ತಿರಲಿ ಅಂತ.’

ಅವನು ಒಂದು ಹುಲ್ಲುಕಡ್ಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. ‘ಆಗಲಿ ಬಿಡ್ರಿ. ತಪ್ಪು ಓದಿದಾಗೆಲ್ಲ ಹತ್ತಿರ ಬರ್ತೀರಿ ಅಂದ್ರೆ ನನಗೇನು ನಷ್ಟ?’

ವಾಪಸು ಬರುವಾಗ ನಯನಾ ಮಣಿಕಟ್ಟಿನ ರಬ್ಬರ್‌ಬ್ಯಾಂಡ್ ತೆಗೆದು ಕೂದಲನ್ನೆಲ್ಲ ಎತ್ತಿ ಕಟ್ಟಿದಳು. ಬೋರ್ಡು ದಾಟಿ ಮಿಷನ್ ಆನ್ ಮಾಡಿದಳು.

ಬೇವಿನ ಮರದ ಕೆಳಗೆ ಮಂಡಕ್ಕಿ ಮಿರ್ಚಿ ಬಿಚ್ಚಿಟ್ಟಿದ್ದರು. ಮಗಳ ಎತ್ತಿ ಕಟ್ಟಿದ ಕೂದಲು ಕಂಡ ಅವ್ವನ ಕೈಯಲ್ಲಿ ಮಿರ್ಚಿ ಹಾಗೇ ನಿಂತಿತು. ಹುಡುಗನ ತಾಯಿ ಸರ್ವಮಂಗಳಮ್ಮನ ಕಣ್ಣು ನೇರ ಕಿವಿಗೆ ಹೋಯಿತು.

“ಅದೇನವ್ವ ಕಿವ್ಯಾಗೆ?”

“ಕಿವಿ ಮಂದ ಐತ್ರಿ. ಎದುರಿಗೆ ನಿಂತು ಮಾತಾಡಿದ್ರೆ ಎಲ್ಲಾ ತಿಳೀತೈತೆ.” ಅವಳು ತಲೆ ತಗ್ಗಿಸಲಿಲ್ಲ. ನಾಗಭೂಷಣ್ ಬಂದು ಅವಳ ಪಕ್ಕದಲ್ಲಿ ನಿಂತ.

ಸರ್ವಮಂಗಳಮ್ಮ ಮಗನನ್ನು ನೋಡಿದರು, ಅವಳನ್ನು ನೋಡಿದರು. ತಟ್ಟೆಯ ಮಂಡಕ್ಕಿಯಲ್ಲಿ ಸುಮ್ಮನೆ ಕೈಯಾಡಿಸಿದರು.

“ನಿಮಗೆ ಹೇಳ್ತೀನ್ರಿ,” ಎಂದು ಕಡೆಗೆ ಅವಳ ಅವ್ವನ ಕಡೆ ತಿರುಗಿದರು. “ಇನ್ನೊಂದು ಸಲ ಇಂಥದ್ದು ಮುಚ್ಚಬ್ಯಾಡ್ರಿ. ನನಗೆ ಬ್ಯಾಸರ ಆಗ್ತೈತೆ.” ಅವ್ವ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. “ಇನ್ನು ಇವನು, ಮಿಲ್ಲಿಂದ ಬಂದು ಬರೀ ತುಟಿ ಆಡಿಸ್ತಾನೆ. ಉಪ್ಪು ಅಂದ್ನೋ ತುಪ್ಪ ಅಂದ್ನೋ ನನಗಂತೂ ತಿಳಿಯಲ್ಲ. ತಿಳಿಯೋಳು ಒಬ್ಬಳು ಬರಲಿ ಬಿಡ್ರಿ. ಕೂಡು ತಾಯಿ, ಮಿರ್ಚಿ ಆರ್ತಾವೆ.”

ಕಲ್ಲೇಶಪ್ಪ ದಾವಣಗೆರೆಗೆ ಕಾರು ತಿರುಗಿಸುವಾಗ ನಾಗಭೂಷಣ್ ಆಚೆ ಬದಿಯಲ್ಲಿ, ತನ್ನ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಅವಳನ್ನೇ ನೋಡುತ್ತ, ತುಟಿ ಕೂಡಿಸಿ ಬಿಚ್ಚಿ, ಒಂದು ಪುಟ್ಟ ಮಾತು ಆಡಿದ.

“ಏನಂದ್ರು?” ಅವ್ವ ಕೇಳಿದಳು.

“ಮರಿ ಕಾಣಿಸ್ತಂತೆ.”

“ಹೌದಾ? ಎಲ್ಲಿ?” ಅವ್ವ ಹುಲ್ಲಿನ ಕಡೆ ಕತ್ತು ಚಾಚಿದಳು.

ಅಷ್ಟು ಬಿಡುವು ಸಾಕಾಗಿತ್ತು. ನಯನಾ ಕಿಟಕಿಯತ್ತ ತಿರುಗಿ, ದನಿಯಿಲ್ಲದೆ ಹೇಳಿದಳು: ‘ಬರ್ತೀನಿ.’