ಎರಡು ಮುಂಬಾಗಿಲ ಮನೆ

‘ಇವತ್ತು ಯಾರೂ ಪ್ರಶ್ನೆ ಕೇಳದಿದ್ದರೆ ಸಾಕಪ್ಪಾ...’

ವಸ್ತುಸಂಗ್ರಹಾಲಯದ ಬೀಗ ತೆಗೆಯುವಾಗ ಅವಳಿಗೆ ದಿನವೂ ಇದೇ ಚಿಂತೆ. ಡೈರಿಯಲ್ಲಿ ಪುಟಗಟ್ಟಲೆ ಹರಿಯುವ ಮಾತು ನಾಲಿಗೆಗೆ ಬರುವಷ್ಟರಲ್ಲಿ ಎಲ್ಲೋ ಇಂಗಿಹೋಗುತ್ತಿತ್ತು. ಇತಿಹಾಸದಲ್ಲಿ ಪದವಿ ಪಡೆದವಳು. ಬಂದವರಿಗೆ, ಈಗ ವಸ್ತುಸಂಗ್ರಹಾಲಯವಾಗಿರುವ ಈ ಹಳೆಯ ಪಾದ್ರಿಮನೆಯನ್ನು ತೋರಿಸಿ ವಿವರಿಸುವುದೇ ಕೆಲಸ. ಆದರೆ ಅವಳ ವಿವರಣೆ ಪಕ್ಕದಲ್ಲಿ ನಿಂತವರಿಗೂ ಕೇಳಿಸುತ್ತಿರಲಿಲ್ಲ! ಟಿಕೆಟ್ ಕೊಡುವ ಅಕ್ಕ ಅವಳಿಗೆ ‘ಪಿಸುಮಾತು’ ಎಂದೇ ಹೆಸರಿಟ್ಟಿದ್ದಳು.

ಅಂದು ಪಾದ್ರಿಗಳ ಓದುಕೋಣೆಗೆ ಕಾಲಿಟ್ಟವಳು ಬೆಚ್ಚಿಬಿದ್ದಳು.

ನೆಲದ ಮೇಲೆ ಒಬ್ಬ ಯುವಕ ಅಂಗಾತ ಮಲಗಿದ್ದ!

“ಅಯ್ಯೋ...!”

“ಹೆದರ್ಬೇಡಿ, ಬದುಕಿದ್ದೀನಿ.” ಅವನು ಏಳಲೂ ಇಲ್ಲ. “ದುರಸ್ತಿಗೆ ಬಂದಿರೋ ಆರ್ಕಿಟೆಕ್ಟು. ಟಿಕೆಟ್ ಕೊಡೋ ಅಕ್ಕ ಬೇಗ ಬಂದು ಒಳಗೆ ಬಿಟ್ರು. ಹಳೇ ಮನೆಗಳನ್ನ ಹೀಗೆ ಮಲಗಿ ನೋಡ್ಬೇಕು, ಆಗ್ಲೇ ಅವು ಬಾಯಿಬಿಡೋದು.”

ಅಲೆಯಲೆಯಾದ ಹಳೆಯ ಗಾಜನ್ನು ಹಾದು ಬಂದ ಬಿಸಿಲು ಚಾವಣಿಯ ಮೇಲೆ ನೀರಿನಂತೆ ತೂಗುತ್ತಿತ್ತು. ಅದರ ಅಲೆಗಳು ಅವನ ಮುಖದ ಮೇಲೂ...

“ಒಂದು ಮಾತ್ರ ಅರ್ಥ ಆಗ್ತಿಲ್ಲ. ಈ ಪುಟ್ಟ ಮನೆಗೆ ಅಕ್ಕಪಕ್ಕದಲ್ಲೇ ಎರಡು ಮುಂಬಾಗಿಲು ಯಾಕೆ?”

ಕೊನೆಗೂ ಪ್ರಶ್ನೆ ಬಂದೇಬಿಟ್ಟಿತು! ಆದರೆ ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ಎದೆಯಲ್ಲೇ ಕಾದು ಕುಳಿತಿತ್ತು.

“ಒಂದು... ಮನೆಯವರಿಗೆ. ಇನ್ನೊಂದು... ಅಳ್ತಾ ಬರೋರಿಗೆ.”

ಅವನು ಎದ್ದು ಕುಳಿತ.

“ಕಷ್ಟ ಹೇಳ್ಕೊಳ್ಳೋಕೆ ಬಂದೋರು ನೇರ ಈ ಕೋಣೆಗೇ ಬರ್ಲಿ... ಅವರ ಕಣ್ಣೀರು ಮನೆಮಂದಿ ಕಣ್ಣಿಗೆ ಬೀಳ್ದೆ ಇರ್ಲಿ ಅಂತ.”

“ಕಟ್ಟಿದವನು ದೊಡ್ಡ ಮನಸ್ಸಿನವನು,” ಎಂದ ಅವನು. ಆಮೇಲೆ ಮೆಲ್ಲಗೆ, “ನೀವು ಹೇಳಿದ ರೀತಿನೂ ಚೆನ್ನಾಗಿತ್ತು.”

ಆ ರಾತ್ರಿ ಡೈರಿಯಲ್ಲಿ ಬರೆಯಲು ಅವಳಿಗೆ ಒಂದು ಪದವೂ ಸಿಗಲಿಲ್ಲ!

ಅವನು ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವುದು ಅವಳ ಪಾಲಿಗೆ ಬಂತು. ಅಡುಗೆಮನೆಯ ಪ್ಲೈವುಡ್ ಅಡ್ಡಗೋಡೆ ತೋರಿಸಿ ಅವನು “ಇದನ್ನ ತೆಗೀಬೇಕು” ಎಂದ. ಮರುದಿನ ಅಡ್ಡಗೋಡೆ ಮಾಯ! ಮರೆಯಾಗಿದ್ದ ಒಲೆ ಬೆಳಕು ಕಂಡಿತ್ತು.

ಒಂದು ಮಧ್ಯಾಹ್ನ ಅವಳು ತನ್ನ ಗುಟ್ಟಿನ ಜಾಗವನ್ನೂ ತೋರಿಸಿದಳು. ಮೆಟ್ಟಿಲಿನ ತಿರುವಿನಲ್ಲಿ, ದಪ್ಪ ಗೋಡೆಯ ಮಡಿಲಲ್ಲೇ ಒಂದು ಮರದ ಪೀಠ, ಅದರ ಹಿಂದೆ ಒಂದು ಕಿಟಕಿ. ಮೇಲಿಂದ ಮೇಲೆ ಬಣ್ಣ ಬಳಿದೂ ಬಳಿದೂ ಅದರ ರೆಕ್ಕೆಗಳು ಚೌಕಟ್ಟಿಗೇ ಅಂಟಿಹೋಗಿದ್ದವು.

“ಇಲ್ಲಿ ಕೂತ್ರೆ... ಈ ಗಾಜಲ್ಲಿ ತೋಟ ನೀರೊಳಗಿದ್ದ ಹಾಗೆ ಕಾಣತ್ತೆ. ಬಿಡುವಿದ್ದಾಗ ಡೈರಿ ಬರಿಯೋದು ಇಲ್ಲೇ.”

ಅವನು ಬಹಳ ಹೊತ್ತು ನೋಡಿದ. ಕಿಟಕಿಯನ್ನೋ, ಅವಳನ್ನೋ...?

ಮರುದಿನ ಸಂಜೆ ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು.

“ಮೆಟ್ಟಿಲ ಹತ್ರದ ಕಿಟಕಿ ತೆಗೀಲೇಬೇಕು. ನಾಳೆ ಬೆಳಗ್ಗೆ ನಾನೇ ತೆಗೀತೀನಿ. ಅದೊಂದು ಆದ್ಮೇಲೆ ಹೊರಡೋದು.”

‘ನನ್ನ ಕಿಟಕಿ! ಗೊತ್ತಿದ್ದೂ... ಅದನ್ನೂ ಕಿತ್ತು, ತಾನೂ ಹೊರಟುಬಿಡ್ತಾನಾ?’

“ಯಾಕೆ ಮುಖ ಊದಿಸ್ಕೊಂಡಿದ್ದೀರಿ?” ಎದುರಾದ ಅವನು ಕೇಳಿದ.

“ಏನಿಲ್ಲ.”

ಟಿಕೆಟ್ ಅಕ್ಕನಿಗೆ ಮಾತ್ರ ಎಲ್ಲವೂ ತಿಳಿದುಹೋಯಿತು. “ಹೋಗಿ ಬೇಡ ಅಂತ ಹೇಳೇ, ಹುಚ್ಚಿ! ನಮ್ಮನೆಯವರೂ ಹೀಗೇ ಇದ್ರು, ಕಂಬದ ಥರ. ನಾನೇ ಬಾಯಿಬಿಡದೇ ಇದ್ದಿದ್ರೆ ನನಗೆ ಮದುವೆನೇ ಆಗ್ತಿರ್ಲಿಲ್ಲ!”

‘ಹೇಳಬೇಕು... ಆದರೆ ಹೇಗೆ?’

ಬೆಳಗ್ಗೆ ಅವಳು ಬರುವಷ್ಟರಲ್ಲಿ ಅವನು ಕಿಟಕಿಯ ಮುಂದೆ ಮಂಡಿಯೂರಿದ್ದ. ಕೈಯಲ್ಲಿ ತೆಳ್ಳನೆಯ ಬ್ಲೇಡು. ನೆಲದ ಮೇಲೆ ಒಣಬಣ್ಣದ ಚೂರುಗಳು.

“ತೆಗೀಬೇಡಿ!!”

ಮನೆಯಿಡೀ ಮೊಳಗಿತು. ಓದುಕೋಣೆಯ ಗಾಜುಗಳೂ ಝಣ್ಣೆಂದವು. ಇದು ತನ್ನದೇ ದನಿಯೇ ಎಂದು ಅವಳೇ ದಂಗಾದಳು.

“ಯಾರಮ್ಮಾ ಅದು ಕೂಗಿದ್ದು?” ಕೆಳಗಿನಿಂದ ಅಕ್ಕನ ಗಾಬರಿ.

ಅವನು ಕಣ್ಣು ಕಣ್ಣು ಬಿಟ್ಟ. “ಯಾಕ್ರೀ? ನಿಮಗೆ ಗಾಳಿ ಬೇಡ್ವಾ?”

“ಗಾಳಿ...?”

“ತೋಟ ಗಾಜಲ್ಲಿ ನೋಡಿದ್ರೆ ಸಾಕಾ? ಅದರ ವಾಸನೆನೂ ಬರ್ಲಿ ಅಂತ, ಹೊರಡೋ ಮುಂಚೆ ಇದೊಂದನ್ನ ತೆಗೆದು...” ಅವನ ಮಾತು ಅಲ್ಲೇ ನಿಂತಿತು. “ತಡೀರಿ. ಕಿತ್ತು ಹಾಕ್ತೀನಿ ಅಂದ್ಕೊಂಡ್ರಾ?”

“ಅಡ್ಡಗೋಡೆ ತೆಗೀಬೇಕು ಅಂದ್ರಿ... ಕಿತ್ರಿ ತಾನೇ?”

“ಅದು ಅಡ್ಡಗೋಡೆ! ಇದು ಕಿಟಕಿ!”

ಕೆಳಗಿನಿಂದ ಅಕ್ಕನ ನಗು ಮೆಟ್ಟಿಲೇರಿ ಬಂತು. “ಅಲ್ವೇ ಪಿಸುಮಾತು, ಬಾಗಿಲು ತೆಗಿ ಅಂದ್ರೆ ಯಾರಾದ್ರೂ ಬಾಗಿಲು ಕಿತ್ಕೊಂಡು ಹೋಗ್ತಾರೇನೇ?”

ನಾಚಿಕೆಯಿಂದ ಅವಳ ಕಿವಿಯ ತುದಿಯೂ ಕೆಂಪಾಯಿತು. ಅವನು ನಗದೆ ಕೊಂಚ ಸರಿದು ಜಾಗ ಮಾಡಿಕೊಟ್ಟ.

“ಬನ್ನಿ. ಇಬ್ಬರೂ ತಳ್ಳೋಣ.”

ಪಕ್ಕಪಕ್ಕದಲ್ಲಿ ಎರಡು ಜೊತೆ ಅಂಗೈಗಳು. ಕಿಟಕಿ ಮೊದಲು ಮುನಿಸಿನಿಂದ ನರಳಿತು, ಆಮೇಲೆ ನಿಟ್ಟುಸಿರಿಟ್ಟಂತೆ ತೆರೆದುಕೊಂಡಿತು. ಒದ್ದೆ ಹುಲ್ಲಿನ ವಾಸನೆ, ದೂರದ ಸೈಕಲ್ ಗಂಟೆ, ಹಕ್ಕಿಯ ಕರೆ... ತಲೆಮಾರುಗಳಿಂದ ಹೊರಗೇ ಕಾದಿದ್ದ ಜಗತ್ತು ಒಳಗೆ ಬಂತು. ಈಗ ತೋಟ ಅಲುಗುತ್ತಿರಲಿಲ್ಲ. ಅವಳ ಎದೆ ಮಾತ್ರ...

ಅವನು ಚೀಲ ಹೆಗಲಿಗೇರಿಸಿದ. ಒಂದು ಮೆಟ್ಟಿಲು ಇಳಿದವನು ತಿರುಗಿ ನಿಂತ.

“ಕೆಲಸ ಮುಗೀತು. ಇನ್ನು ಬರೋಕೆ ನೆವ ಇಲ್ಲ ನನಗೆ.” ಅವನ ದನಿಯೂ ಪಿಸುಮಾತಾಗಿತ್ತು. “ಆದ್ರೂ ಬಂದ್ರೆ... ಯಾವ ಬಾಗಿಲಿಂದ ಬರ್ಲಿ?”

‘ಈಗ ಹೇಳದಿದ್ದರೆ...’

ತೆರೆದ ಕಿಟಕಿಯ ಗಾಳಿಯನ್ನು ಅವಳು ಎದೆತುಂಬ ಎಳೆದುಕೊಂಡಳು. ಕೆಳಗೆ ಟಿಕೆಟ್ ಹರಿಯುವ ಸದ್ದು ನಿಂತಿತ್ತು, ಅಕ್ಕ ಕಿವಿಗೊಟ್ಟಿದ್ದಳು. ಕೇಳಿಸಿಕೊಳ್ಳಲಿ!

“ಮನೆಯವರ ಬಾಗಿಲಿಂದ,” ಎಂದಳು, ಇಡೀ ಮನೆಗೆ ಕೇಳುವಷ್ಟು ಗಟ್ಟಿಯಾಗಿ.