ಹಾಡಿಗೆ ಮುಂಚೆ ಬಂದ ದನಿ

ಜೂನ್ ೫, ೨೦೦೪. ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತು. ಕಲಬುರಗಿಯ ಮೋಮಿನಪುರದ ಚಾಂದಪಾಶಾನ ಕಂಪ್ಯೂಟರ್ ಅಂಗಡಿಯ ಖಾನೆಯಲ್ಲಿದ್ದ ಕ್ಯಾಸೆಟ್ ಕಾಣೆಯಾಗಿತ್ತು.

ಕಮಲಾಪುರದ ಮಾಳಮ್ಮ ೧೯೮೭ರಲ್ಲಿ ಹಾಡಿದ ಹನ್ನೊಂದು ಬೀಸುವ ಪದಗಳು ಅದರಲ್ಲಿದ್ದವು. ಬೇರೆ ಪ್ರತಿ ಇಲ್ಲ. ಮರುವರ್ಷ ಗಂಟಲಿನ ಆಪರೇಷನ್ ಆಗಿ ಅವಳ ದನಿ ಹೋಗಿತ್ತು. ಉಳಿದದ್ದು ಪಿಸುಮಾತು.

ನಕಲು ಮಾಡಲೆಂದು ಅದನ್ನು ಕೊಟ್ಟಿದ್ದ ವರದಿಗಾರ್ತಿ ಜಯದೇವಿ ಬಂದಾಗ ಚಾಂದಪಾಶಾ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ.

"ಹದಿನೈದು ದಿನ ಯಾಕ ಇಟ್ಕೊಂಡ್ರಿ? ಅವತ್ತೇ ಕಂಪ್ಯೂಟರಿಗೆ ಹಾಕಬೇಕಿತ್ತು."

"ಕಂಪ್ಯೂಟರ್ ಬೋರ್ಡಿನ ಜೋಡಿನೇ ಬಂದ ಸೌಂಡ್ ಕಾರ್ಡಿಗೆ ಹಾಕಿದ್ರ ಹಾಡಿಗಿಂತ ಗುಂಯ್ ಅನ್ನೋದೇ ಜಾಸ್ತಿ ಕೇಳ್ತದ್ರಿ ಅಕ್ಕೋರೆ. ಅದಕ್ಕ ಹೈದರಾಬಾದಿನಿಂದ ಬ್ಯಾರೆ ಸೌಂಡ್ ಕಾರ್ಡ್ ತರಿಸ್ದೆ. ಇವತ್ತು ಬಂತು. ಖಾನೆ ತೆಗದ್ರ ಖಾಲಿ."

ಅಂಗಡಿಯ ಬೀಗ ಮುರಿದಿರಲಿಲ್ಲ. ಪೊಲೀಸರಿಗೆ ಅಷ್ಟು ಸಾಕಾಯಿತು. ಚಾಂದಪಾಶಾನೇ ಮಾರಿಕೊಂಡಿದ್ದಾನೆ ಎಂದು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಏನೂ ಸಿಗಲಿಲ್ಲ.

*

ಜೂನ್ ೨೧. ಕಮಲಾಪುರದ ಬಸ್ ನಿಲ್ದಾಣದಲ್ಲಿ ಹೊಸ ಸಿಡಿ ಮಾರಾಟಕ್ಕೆ ಬಂತು. ಹನ್ನೊಂದು ಬೀಸುವ ಪದ. ಹೊದಿಕೆಯ ಮೇಲೆ ಭಜನಾ ಮೇಳದ ಧರ್ಮಣ್ಣನ ಫೋಟೊ. ಹಾಡಿದವರು: ಅವನ ಸೊಸೆ ಕಸ್ತೂರಿಬಾಯಿ.

ಜಯದೇವಿ ಅದನ್ನು ಮಾಳಮ್ಮನ ಮನೆಗೆ ಒಯ್ದಳು. ಮುದುಕಿ ಒಂದೇ ಪದ ಕೇಳಿದಳು.

"ಇದು ನಾನ."

"ಸಾಬೀತು ಹೆಂಗ ಮಾಡೋದು, ಯವ್ವಾ?"

"ಅದು ನಿನ್ನ ಕೆಲ್ಸ. ನಾ ಅಂತೂ ಸುಮ್ಮ ಕೂಡಾಕಿ ಅಲ್ಲ."

"ಆ ಕ್ಯಾಸೆಟ್ ಆಗಾಗ ಕೇಳ್ತಿದ್ದಿ ಏನು?"

"ದನಿ ಹೋದ ಮ್ಯಾಲ ಮುಟ್ಟಿಲ್ಲ. ಹದಿನಾರು ವರ್ಷ ಟ್ರಂಕಿನಾಗಿತ್ತು."

*

ಮೋಮಿನಪುರ. ಜಯದೇವಿ ಹೆಡ್‌ಫೋನ್ ಹಾಕಿಕೊಂಡು ಸಿಡಿ ಕೇಳಿದಳು. ಪದ ಶುರುವಾಗುವ ಎರಡು ಸೆಕೆಂಡ್ ಮೊದಲು ಅದೇ ಸಾಲು, ಅದೇ ದನಿ, ತೀರಾ ಸಣ್ಣಗೆ. ಹನ್ನೊಂದರಲ್ಲೂ ಹಾಗೆಯೇ.

"ಟೇಪು ಸುತ್ತಿ ವರ್ಷಗಟ್ಟಲೆ ಇಟ್ರ ಒಂದು ಸುತ್ತಿನ ಸೌಂಡು ಪಕ್ಕದ ಸುತ್ತಿಗೆ ಹತ್ತತದ್ರಿ. ಅದಕ್ಕ ಹಾಡಿಗಿಂತ ಮೊದಲೇ ಸಣ್ಣಗ ಕೇಳ್ತದ," ಎಂದ ಚಾಂದಪಾಶಾ.

"ನೇರ ಕಂಪ್ಯೂಟರಿಗೆ ಹಾಡಿದ್ರ?"

"ಬರೋ ಮಾತೇ ಇಲ್ಲ. ಕಾರ್ಡ್ ಸುಮಾರಿದ್ರ ಇದು ಗುಂಯ್ ಒಳಗ ಮುಳುಗಿ ಹೋಗ್ತಿತ್ತು. ಈ ಸಿಡಿ ಮಾಡಿದಾಂವ ಛಲೋ ಕಾರ್ಡೇ ಹಾಕ್ಯಾನ."

"ಛಲೋ ಯಾವ್ದು ಅಂತ ನೀವು ಯಾರಿಗರೆ ಹೇಳಿದ್ರೇನು?"

"ಧರ್ಮಣ್ಣಗ. ಕಳವು ಗೊತ್ತಾದ ಹಿಂದಿನ ದಿನ, ಶುಕ್ರವಾರ. ಲೈನ್-ಇನ್ ಯಾವುದ್ರಾಗ ಚೊಕ್ಕ ಇರ್ತದ ಅಂತ ಕೇಳ್ದ. ಮಾತಾಡ್ತಾ ಮಾತಾಡ್ತಾ ಜುಮ್ಮಾ ಹೊತ್ತಾತು. ಬಾಗಿಲಿಗೆ ಕೋಲು ಅಡ್ಡ ಇಟ್ಟು ನಮಾಜಿಗೆ ಹೋದೆ. ಕೋಲು ಇಟ್ಟ ಅಂಗಡಿಯೊಳಗ ಈ ಓಣಿಯಾಗ ಯಾರೂ ಕಾಲಿಡಂಗಿಲ್ರಿ."

"ಮತ್ತ, ಮೊದಲೇ ಒಳಗ ಕುಂತಿದ್ದ ಧರ್ಮಣ್ಣ?"

ಚಾಂದಪಾಶಾ ಖಾನೆಯ ಕಡೆ ನೋಡಿದ.

*

ಜೂನ್ ೨೪, ಕಮಲಾಪುರ ಠಾಣೆ. ಧರ್ಮಣ್ಣ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಎದುರಿನ ಬೆಂಚಿನಲ್ಲಿ ಮಾಳಮ್ಮ, ಜಯದೇವಿ.

"ಸೊಸಿ ಮೈಕ್ ಮುಂದ ಹಾಡ್ಯಾಳ್ರಿ ಸಾಹೇಬ್ರ. ನೇರ ಕಂಪ್ಯೂಟರಿಗೆ. ಇದೇ ತಿಂಗಳು."

ಜಯದೇವಿ ಸಬ್ ಇನ್ಸ್‌ಪೆಕ್ಟರಿಗೆ ಹೆಡ್‌ಫೋನ್ ಕೊಟ್ಟು, ಹಾಡಿಗೆ ಮೊದಲಿನ ಸಣ್ಣ ದನಿ ಕೇಳಿಸಿ, ಅದರ ಕಾರಣ ವಿವರಿಸಿದಳು. ನಂತರ ಧರ್ಮಣ್ಣನ ಕಡೆ ತಿರುಗಿದಳು.

"ಟೇಪೇ ಇರ್ಲಿಲ್ಲಂದ್ರ ಹಳೇ ಟೇಪಿನ ಗುರ್ತು ಎಲ್ಲಿಂದ ಬಂತು? ಇನ್ನೊಂದು. ಹಾಡಸಾವ್ರು ಮೈಕ್ ಬಗ್ಗೆ ಕೇಳ್ತಾರ. ನೀವು ಕೇಳಿದ್ದು ಲೈನ್-ಇನ್. ಅದು ಟೇಪ್‌ರೆಕಾರ್ಡರ್ ಜೋಡಸೋ ಜಾಗ. ಕಾರ್ಡಿನಕಿಂತ ಮೊದಲೇ ಕ್ಯಾಸೆಟ್ ಮ್ಯಾಲ ಕಣ್ಣಿತ್ತು. ಚಾಂದಪಾಶಾ ನಮಾಜಿಗೆ ಹೋದ ಹೊತ್ತಿನಾಗ ಎತ್ತಿದ್ರಿ."

ಧರ್ಮಣ್ಣ ಕಾಲು ಇಳಿಸಿದ. "ಬೀಸೋ ಪದ ಊರಿನವು. ಯಾರಪ್ಪನ ಸ್ವತ್ತೂ ಅಲ್ಲ."

ಮಾಳಮ್ಮ ಎದ್ದಳು. ಅವಳ ಪಿಸುಮಾತು ಕೇಳಲು ಫ್ಯಾನ್ ನಿಲ್ಲಿಸಬೇಕಾಯಿತು.

"ಪದ ಊರಿನವು, ಧರ್ಮಾ. ದನಿ ನಂದು. ಸೊಸಿನ್ನ ಕರಿ. ಇಲ್ಲೇ ಒಂದು ನುಡಿ ಹಾಡ್ಲಿ."

ಧರ್ಮಣ್ಣ ಕರೆಯಲಿಲ್ಲ. ನಾಲ್ಕು ಗಂಟೆಗೆ ಪೊಲೀಸರಿಗೆ ಅವನ ಮನೆಯ ಕಪಾಟಿನಲ್ಲಿ ಕ್ಯಾಸೆಟ್ ಸಿಕ್ಕಿತು; ಠಾಣೆಗೆ ತಂದರು.

ಕೋರ್ಟಿಗೆ ಜಪ್ತಿ ಮಾಡಬೇಕು ಎಂದರು ಸಬ್ ಇನ್ಸ್‌ಪೆಕ್ಟರ್. ಮಾಳಮ್ಮ ಕ್ಯಾಸೆಟ್ ಉಡಿಗೆ ಹಾಕಿಕೊಂಡು ಠಾಣೆಯ ಬಾಗಿಲಲ್ಲೇ ಕುಳಿತಳು.

"ಮೊದಲು ನಕಲು. ಆಮ್ಯಾಲ ನಿಮ್ಮ ಕೋರ್ಟು."

ಚಾಂದಪಾಶಾ ಕಲಬುರಗಿಯಿಂದ ಕಂಪ್ಯೂಟರ್ ತಂದು ಠಾಣೆಯ ಮೇಜಿನ ಮೇಲೆ ಜೋಡಿಸಿದ. ಎರಡೂ ಬದಿ ಓಡಿ ಮುಗಿಯಲು ಐವತ್ತೆಂಟು ನಿಮಿಷ ಬೇಕಾಯಿತು. ಆಮೇಲೆ ಪಂಚನಾಮೆ ಬರೆದರು.